ಮೋಟಾರ್‌ಸೈಕಲ್ ಆರ್‌ಪಿಎಂ ಮೀಟರ್: ಇಗ್ನಿಷನ್‌ಗೆ ಹೊಂದಿಸುವ ಬಗೆ

ಎಂಜಿನ್ನಿನ ಕ್ರ್ಯಾಂಕ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಉಪಕರಣ ಟ್ಯಾಕೋಮೀಟರ್. ಗ್ಯಾರೇಜಿನ ಮಾತಿನಲ್ಲಿ ಇದು ಆರ್‌ಪಿಎಂ ಮೀಟರ್. ಸ್ಪ್ಲೆಂಡರ್, ಆರ್‌ಎಕ್ಸ್ 100, ಹಳೆಯ ಬುಲೆಟ್‌ಗಳಂಥ ಗಾಡಿಗಳಿಗೆ ಕಂಪನಿಯವರು ಇದನ್ನು ಕೊಟ್ಟಿರಲಿಲ್ಲ. ಬೇಕೆಂದವರು ಅಂಗಡಿಯಿಂದ ತಂದು ಹ್ಯಾಂಡಲ್ ಬಳಿ ಕೂರಿಸಿಕೊಳ್ಳುತ್ತಾರೆ. ಹೀಗೆ ಕೂರಿಸಿದ ಮೀಟರ್ ಎಂಜಿನ್ನಿನ ಸುತ್ತನ್ನು ನೇರವಾಗಿ ಅಳೆಯುವುದಿಲ್ಲ. ಅದು ಎಣಿಸುವುದು ಇಗ್ನಿಷನ್ ವ್ಯವಸ್ಥೆಯಿಂದ ಬರುವ ವಿದ್ಯುತ್ ಮಿಡಿತಗಳನ್ನು. ಆದ್ದರಿಂದ ಒಂದು ಸುತ್ತಿಗೆ ಎಷ್ಟು ಮಿಡಿತ, ಆ ಮಿಡಿತದ ಸ್ವರೂಪ ಎಂಥದ್ದು, ಅದನ್ನು ಯಾವ ತಂತಿಯಿಂದ ಪಡೆಯಬೇಕು ಎಂಬ ಮೂರು ವಿಷಯಗಳು ಇತ್ಯರ್ಥವಾಗದೆ ಮುಳ್ಳು ತೋರಿಸುವ ಅಂಕಿಗೆ ಬೆಲೆಯಿಲ್ಲ. ದಾವಣಗೆರೆ ಮತ್ತು ಹರಿಹರದ ಯಂತ್ರಕೌಶಲದ ಹಿನ್ನೆಲೆಯಲ್ಲಿ ಈ ಹೊಂದಾಣಿಕೆಯ ತತ್ವ, ವಿಧಾನ ಮತ್ತು ಪರೀಕ್ಷೆಗಳನ್ನು ಇಲ್ಲಿ ವಿವರಿಸಿದೆ.

ಹಿನ್ನೆಲೆ

ತಿರುಗುವ ಯಂತ್ರದ ವೇಗವನ್ನು ಅಳೆಯುವ ಉಪಕರಣವನ್ನು 1817ರಲ್ಲಿ ಜರ್ಮನಿಯ ಡೀಡ್ರಿಚ್ ಊಲ್‌ಹಾರ್ನ್ ರೂಪಿಸಿದ. ಮೊದಲು ಕಾರ್ಖಾನೆಯ ಯಂತ್ರಗಳಿಗೆ ಬಳಕೆಯಾದ ಇದು ಮುಂದೆ ರೈಲು ಎಂಜಿನ್ನಿಗೆ, ಆಮೇಲೆ ಮೋಟಾರು ವಾಹನಗಳಿಗೆ ಬಂತು.

ದಾವಣಗೆರೆ ಮತ್ತು ಅಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲೂ ಈ ಅಳತೆ ಬೈಕಿಗಿಂತ ಮೊದಲು ಕಾರ್ಖಾನೆಯಲ್ಲೇ ಬೇರೂರಿತ್ತು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ತಯಾರಿಸಿತು. ಅದರ ಎಂಟರ್‌ಪ್ರೈಸ್ ಮತ್ತು ಟರ್ನ್‌ಮಾಸ್ಟರ್ ಲೇತ್‌ಗಳು ದೇಶದ ನಾನಾ ಕಡೆಯ ವರ್ಕ್‌ಶಾಪ್‌ಗಳನ್ನು ಸೇರಿದವು. ದಾವಣಗೆರೆಯಲ್ಲಿ 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಹೀಗೆ ಯಂತ್ರ ಮಾಡುವವರು, ಓಡಿಸುವವರು, ಕಲಿಯುವವರು ಅವಳಿಯಂತಿರುವ ಈ ಎರಡು ಊರುಗಳಲ್ಲಿ ನೆಲೆಸಿದರು.

ಲೇತ್ ಮುಂದೆ ನಿಂತು ಕಲಿತವರಿಗೆ ಆರ್‌ಪಿಎಂ ಹೊಸ ವಿಷಯವಲ್ಲ. 50 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಸರಳನ್ನು ಹೈಸ್ಪೀಡ್ ಸ್ಟೀಲ್ ಟೂಲ್‌ನಿಂದ ನಿಮಿಷಕ್ಕೆ 30 ಮೀಟರ್ ಕಟಿಂಗ್ ವೇಗದಲ್ಲಿ ಕಡೆಯಬೇಕಾದರೆ ಸ್ಪಿಂಡಲ್ ನಿಮಿಷಕ್ಕೆ ಸುಮಾರು 190 ಸುತ್ತು ತಿರುಗಬೇಕು. ಈ ಲೆಕ್ಕ ಮಾಡಿ ಅದಕ್ಕೆ ಹತ್ತಿರದ ವೇಗಕ್ಕೆ ಲಿವರ್ ಹಾಕುವುದು ಟರ್ನರ್ ವಿದ್ಯೆಯ ಮೊದಲ ಪಾಠಗಳಲ್ಲೊಂದು. ಬೇರೆ ಬೇರೆ ವ್ಯಾಸಕ್ಕೆ ಬೇರೆ ಬೇರೆ ಸುತ್ತು ಎಂಬ ಈ ವಿವೇಕವೇ ಬೈಕಿನ ಮೀಟರಿಗೂ ಬೇಕಾದದ್ದು. ಅಲ್ಲಿ ವ್ಯಾಸದ ಜಾಗದಲ್ಲಿ ಸುತ್ತಿಗೆ ಬರುವ ಮಿಡಿತಗಳ ಸಂಖ್ಯೆ ಇರುತ್ತದೆ.

ಕೇಬಲ್ ಮೀಟರ್ ಮತ್ತು ಎಲೆಕ್ಟ್ರಾನಿಕ್ ಮೀಟರ್

ಹಳೆಯ ಆರ್‌ಪಿಎಂ ಮೀಟರ್‌ಗಳು ಕೇಬಲ್‌ನಿಂದ ಓಡುತ್ತಿದ್ದವು. ಎಂಜಿನ್ನಿನ ಒಂದು ಗಿಯರಿನಿಂದ ಹೊರಟ ಕೇಬಲ್ ಮೀಟರಿನೊಳಗೆ ಆಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಎದುರಿನ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ, ಸೂಕ್ಷ್ಮ ಸ್ಪ್ರಿಂಗಿನ ಎದುರು ಮುಳ್ಳು ವಾಲುತ್ತದೆ. 1983ರಲ್ಲಿ ಬಂದ ರಾಜದೂತ್ 350ರಲ್ಲಿ ಇಂಥ ಕೇಬಲ್ ಮೀಟರ್ ಇತ್ತು. ಈ ಬಗೆಗೆ ಇಗ್ನಿಷನ್ನಿನ ಹಂಗಿಲ್ಲ. ಆದರೆ ಕೇಬಲ್ ಸಿಕ್ಕಿಸುವ ಬಾಯಿ ಎಂಜಿನ್ನಿನಲ್ಲೇ ಇರಬೇಕು, ಗಿಯರಿನ ಅನುಪಾತವೂ ಮೀಟರಿಗೆ ಸರಿಹೊಂದಬೇಕು. ಅಂಥ ಬಾಯಿ ಇಲ್ಲದ ಗಾಡಿಗೆ ಉಳಿಯುವ ದಾರಿ ಎಲೆಕ್ಟ್ರಾನಿಕ್ ಮೀಟರ್.

ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮೂರು ಹಂತಗಳಿವೆ. ಒರಟಾದ ಮಿಡಿತವನ್ನು ತಿದ್ದಿ ಚೊಕ್ಕ ಮಾಡುವ ಪ್ರವೇಶ ಸರ್ಕ್ಯೂಟ್ ಮೊದಲನೆಯದು. ಮಿಡಿತಗಳ ಆವರ್ತನವನ್ನು ವೋಲ್ಟೇಜ್ ಆಗಿಯೋ ಅಂಕಿಯಾಗಿಯೋ ಬದಲಿಸುವ ಭಾಗ ಎರಡನೆಯದು. ಎಲ್‌ಎಂ 2917 ಎಂಬ ಐಸಿ ಈ ಕೆಲಸಕ್ಕೆ ಹೆಸರಾದದ್ದು. ಮುಳ್ಳು ಅಥವಾ ಡಿಜಿಟಲ್ ಪರದೆ ಮೂರನೆಯದು. ಹೊಂದಾಣಿಕೆಯ ತೊಡಕೆಲ್ಲ ಮೊದಲ ಎರಡು ಹಂತಗಳಲ್ಲಿದೆ.

ಇಗ್ನಿಷನ್ ಬಗೆಗಳು

ಪಾಯಿಂಟ್ ಮತ್ತು ಕಾಯಿಲ್. ಬ್ಯಾಟರಿಯ ವಿದ್ಯುತ್ತು ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಹರಿಯುತ್ತಿರುತ್ತದೆ. ಪಾಯಿಂಟ್ ತೆರೆದ ಕ್ಷಣ ಅದು ಕಡಿದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ಹೊತ್ತಿಗೆ ಕಾಯಿಲ್‌ನ ಮೈನಸ್ ತುದಿಯಲ್ಲಿ 200ರಿಂದ 400 ವೋಲ್ಟಿನ ಏರಿಕೆ ಕಾಣುತ್ತದೆ. ಮೀಟರಿನ ಸಿಗ್ನಲ್ ವೈರನ್ನು ಇಲ್ಲಿಗೆ ಕೊಡಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ, ಹಾಗೂ ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ ಈ ಬಗೆಗೆ ಪರಿಚಿತ ಉದಾಹರಣೆಗಳು. ಏರಿಕೆಯ ನಂತರ ವೋಲ್ಟೇಜ್ ಕೆಲವು ಸಲ ಅಲೆಯಾಡಿ ಅಡಗುತ್ತದೆ, ಸವೆದ ಪಾಯಿಂಟ್ ಮುಚ್ಚುವಾಗ ಕುಣಿಯುವುದೂ ಉಂಟು. ಒಳ್ಳೆಯ ಮೀಟರ್ ಈ ಮರುಮಿಡಿತಗಳನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಎಣಿಸುತ್ತದೆ. ಹಳೆಯ 6 ವೋಲ್ಟಿನ ಗಾಡಿಗೆ 12 ವೋಲ್ಟಿನ ಮೀಟರ್ ಆಗದು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಟ್ರಾನ್ಸಿಸ್ಟರ್ ಇಗ್ನಿಷನ್. ಪಾಯಿಂಟಿನ ಕೆಲಸವನ್ನು ಇಲ್ಲಿ ಟ್ರಾನ್ಸಿಸ್ಟರ್ ಮಾಡುತ್ತದೆ. ಕಾಯಿಲ್‌ಗೆ 12 ವೋಲ್ಟ್ ಸದಾ ಇರುತ್ತದೆ, ಮೈನಸ್ ತುದಿಯಲ್ಲಿ ಹಿಂದಿನಂಥದ್ದೇ ಏರಿಕೆ ಸಿಗುತ್ತದೆ. ಕಾಯಿಲ್ ಮೈನಸ್‌ಗೆಂದು ಮಾಡಿದ ಮೀಟರ್ ಇದಕ್ಕೂ ಹೊಂದುತ್ತದೆ.

ಎಸಿ ಸಿಡಿಐ (ಕೆಪಾಸಿಟರಿನಲ್ಲಿ ತುಂಬಿದ ಶಕ್ತಿಯಿಂದ ಕಿಡಿ ಕೊಡುವ ಇಗ್ನಿಷನ್). ಮ್ಯಾಗ್ನೆಟ್ ಒಳಗಿನ ಎಕ್ಸೈಟರ್ ಕಾಯಿಲ್ ಒಂದು ಕೆಪಾಸಿಟರನ್ನು ಸುಮಾರು 200–300 ವೋಲ್ಟಿಗೆ ತುಂಬಿಸುತ್ತದೆ. ಪಿಕಪ್ ಕಾಯಿಲ್‌ನಿಂದ ಸೂಚನೆ ಬಂದೊಡನೆ ಥೈರಿಸ್ಟರ್ ಆ ಶಕ್ತಿಯನ್ನು ಇಗ್ನಿಷನ್ ಕಾಯಿಲ್‌ಗೆ ಸುರಿಯುತ್ತದೆ. ಕಾಯಿಲ್‌ನಲ್ಲಿ 12 ವೋಲ್ಟ್ ಇರುವುದೇ ಇಲ್ಲ. ಬರುವ ಮಿಡಿತ ಬಹಳ ಗಿಡ್ಡ, ಹಲವು ಸಲ ಅದರ ದಿಕ್ಕೂ ನೆಗೆಟಿವ್. ಪಾಯಿಂಟ್ ಗಾಡಿಗೆಂದು ಮಾಡಿದ ಮೀಟರ್ ಇಲ್ಲಿ ಸುಮ್ಮನೆ ಸೊನ್ನೆ ತೋರಿಸುವುದು ಇದೇ ಕಾರಣಕ್ಕೆ. ಸಿಡಿಐಗೆ ಹೊಂದುತ್ತದೆ ಎಂದು ಮೀಟರಿನ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ಹಳೆಯ ಸ್ಪ್ಲೆಂಡರ್ ಈ ಗುಂಪಿಗೆ ಸೇರುತ್ತದೆ.

ಡಿಸಿ ಸಿಡಿಐ. ಬ್ಯಾಟರಿಯ 12 ವೋಲ್ಟನ್ನು ಯೂನಿಟ್ಟೇ ಒಳಗೆ ಏರಿಸಿಕೊಳ್ಳುತ್ತದೆ. ಕಾಯಿಲ್ ಬಳಿ ಸಿಗುವ ಮಿಡಿತ ಎಸಿ ಸಿಡಿಐಯಂತೆಯೇ. ಕೆಲವು ಯೂನಿಟ್‌ಗಳಲ್ಲಿ ಮೀಟರಿಗೆಂದೇ ಒಂದು ವೈರು ಇರುತ್ತದೆ. ಅದಿದ್ದರೆ ಬೇರೆಲ್ಲಿಗೂ ಕೈ ಹಾಕಬೇಕಿಲ್ಲ.

ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಇರುವ ಗಾಡಿ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ದೇಶದ ಬೈಕುಗಳಲ್ಲಿ ಫ್ಯೂಯೆಲ್ ಇಂಜೆಕ್ಷನ್ ಸಾಮಾನ್ಯವಾಯಿತು. ಇಲ್ಲಿ ಕ್ರ್ಯಾಂಕ್ ಸೆನ್ಸರ್ ಹಲ್ಲಿನ ಚಕ್ರವನ್ನು ಓದುತ್ತದೆ. ಪೆಟ್ರೋಲ್ ಮತ್ತು ಕಿಡಿ ಎರಡರ ಸಮಯವೂ ಅದನ್ನೇ ಅವಲಂಬಿಸಿದೆ. ಆದ್ದರಿಂದ ಸೆನ್ಸರ್ ವೈರಿಗೆ ಹೊರಗಿನ ಮೀಟರ್ ಜೋಡಿಸುವುದು ಸಲ್ಲದು. ಕಂಪನಿಯ ಟ್ಯಾಕೋ ಔಟ್‌ಪುಟ್, ಇಲ್ಲವೇ ಕಾಯಿಲ್‌ನ ಮೈನಸ್ ತುದಿ ಸರಿಯಾದ ಜಾಗ.

ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ. ಗ್ರೀವ್ಸ್ ಲೊಂಬಾರ್ಡಿನಿ ಎಂಜಿನ್ನಿನ ಎನ್‌ಫೀಲ್ಡ್ ಟಾರಸ್‌ಗೆ ಮೀಟರ್ ಬೇಕಾದರೆ ಇಗ್ನಿಷನ್ ಮೀಟರ್ ಪ್ರಯೋಜನಕ್ಕೆ ಬಾರದು. ಆಲ್ಟರ್ನೇಟರಿನ ಎಸಿ ಆವರ್ತನವನ್ನು ಎಣಿಸುವ ಅಥವಾ ತಿರುಗುವ ಭಾಗಕ್ಕೆ ಸೆನ್ಸರ್ ಇಟ್ಟು ಓದುವ ಬಗೆ ಬೇಕು.

ಸುತ್ತಿಗೆ ಎಷ್ಟು ಮಿಡಿತ

ಹೊಂದಾಣಿಕೆಯ ತಿರುಳು ಈ ಸೂತ್ರದಲ್ಲಿದೆ:

ಆರ್‌ಪಿಎಂ = ಸೆಕೆಂಡಿಗೆ ಬರುವ ಮಿಡಿತ × 60 ÷ ಒಂದು ಸುತ್ತಿನ ಮಿಡಿತ

ಟು ಸ್ಟ್ರೋಕ್ ಸಿಂಗಲ್ ಸಿಲಿಂಡರಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ. ಆರ್‌ಎಕ್ಸ್ 100 ಮತ್ತು ಯೆಜ್ಡಿ ಹೀಗೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಎರಡು ಸುತ್ತಿಗೊಂದು ಕಿಡಿ ಸಾಕು. ಪಾಯಿಂಟಿನ ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವ ಹಳೆಯ ಬುಲೆಟ್ಟಿನಲ್ಲಿ ಆಗುವುದೂ ಅಷ್ಟೇ. ಅಂದರೆ ಸುತ್ತಿಗೆ ಅರ್ಧ ಮಿಡಿತ. ಸ್ಪ್ಲೆಂಡರ್ ಕೂಡ ಫೋರ್ ಸ್ಟ್ರೋಕ್. ಆದರೆ ಅದರ ಪಿಕಪ್ ಸೂಚನೆ ಕ್ರ್ಯಾಂಕಿನ ಮೇಲಿನ ಮ್ಯಾಗ್ನೆಟ್‌ನಿಂದ ಬರುವುದರಿಂದ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ. ಒಂದು ಕಿಡಿ ಪೆಟ್ರೋಲನ್ನು ಹೊತ್ತಿಸುತ್ತದೆ, ಮರುಸುತ್ತಿನದು ಹೊಗೆ ಹೊರಹೋಗುವ ಹೊತ್ತಿಗೆ ಬಂದು ವ್ಯರ್ಥವಾಗುತ್ತದೆ. ಮೀಟರಿಗೆ ಎರಡೂ ಒಂದೇ. ಹೀಗಾಗಿ ಸ್ಟ್ರೋಕ್ ಎಷ್ಟೆಂದು ತಿಳಿದರೆ ಸಾಲದು, ಕಿಡಿಯ ಸೂಚನೆ ಕ್ರ್ಯಾಂಕಿನಿಂದ ಬರುತ್ತದೋ ಕ್ಯಾಮಿನ ವೇಗದಲ್ಲಿ ಬರುತ್ತದೋ ಎಂದು ತಿಳಿಯಬೇಕು.

ಅಂಗಡಿಯ ಮೀಟರ್‌ಗಳಲ್ಲಿ ಮಿಡಿತದ ಸಂಖ್ಯೆ ಬರೆಯುವ ಬದಲು ಸಿಲಿಂಡರ್ ಸಂಖ್ಯೆ ಬರೆದಿರುವುದೇ ಹೆಚ್ಚಿನ ಗೊಂದಲಕ್ಕೆ ಮೂಲ. ಆ ಗುರುತು ಸಾಮಾನ್ಯವಾಗಿ ಕಾರಿನ ಲೆಕ್ಕದ್ದು:

- 1 ಸಿಲಿಂಡರ್ ಗುರುತು: ಸುತ್ತಿಗೆ ಅರ್ಧ ಮಿಡಿತ
- 2 ಸಿಲಿಂಡರ್ ಗುರುತು: ಸುತ್ತಿಗೆ 1 ಮಿಡಿತ
- 4 ಸಿಲಿಂಡರ್ ಗುರುತು: ಸುತ್ತಿಗೆ 2 ಮಿಡಿತ
- 6 ಸಿಲಿಂಡರ್ ಗುರುತು: ಸುತ್ತಿಗೆ 3 ಮಿಡಿತ

ಸ್ಪ್ಲೆಂಡರಿಗೆ ಇರುವುದು ಒಂದೇ ಸಿಲಿಂಡರ್. ಆದರೂ ಮೀಟರನ್ನು 2ರ ಗುರುತಿನಲ್ಲಿಡಬೇಕು. 1ರಲ್ಲಿಟ್ಟರೆ 3,000 ಸುತ್ತು ತಿರುಗುವಾಗ 6,000 ತೋರಿಸುತ್ತದೆ, 4ರಲ್ಲಿಟ್ಟರೆ 1,500. ಹಳೆಯ ಬುಲೆಟ್ಟಿಗೆ ಮಾತ್ರ 1ರ ಗುರುತೇ ಸರಿ. ರಾಜದೂತ್ 350ರಂಥ ಟು ಸ್ಟ್ರೋಕ್ ಟ್ವಿನ್‌ನಲ್ಲಿ ಎರಡು ಕಾಯಿಲ್ ಇವೆ. ಒಂದರಿಂದ ಮಾತ್ರ ಸಿಗ್ನಲ್ ತೆಗೆದರೆ ಸುತ್ತಿಗೆ ಒಂದು ಮಿಡಿತ ಸಿಗುತ್ತದೆ. ಎರಡು ಪ್ಲಗ್ ಇರುವ ಪಲ್ಸರ್ ಡಿಟಿಎಸ್‌ಐಯಲ್ಲೂ ಒಂದು ಕಾಯಿಲ್‌ನ ಲೆಕ್ಕ ಸಾಕು.

ಕೆಲವು ಇಂಜೆಕ್ಷನ್ ಗಾಡಿಗಳಲ್ಲಿ ಸ್ಟಾರ್ಟ್ ಆಗುವಾಗ ಪ್ರತಿ ಸುತ್ತಿಗೂ ಕಿಡಿ ಕೊಟ್ಟು, ಎಂಜಿನ್ ಯಾವ ಹಂತದಲ್ಲಿದೆಯೆಂದು ಇಸಿಯುಗೆ ತಿಳಿದ ಮೇಲೆ ಎರಡು ಸುತ್ತಿಗೊಂದು ಕೊಡುವ ವ್ಯವಸ್ಥೆ ಇದೆ. ಅಲ್ಲಿ ಕಾಯಿಲ್‌ಗೆ ಜೋಡಿಸಿದ ಮೀಟರ್ ಸ್ಟಾರ್ಟ್ ಆದ ಕೂಡಲೇ ಅರ್ಧಕ್ಕೆ ಇಳಿದಂತೆ ಕಂಡರೆ ಮೀಟರ್ ಕೆಟ್ಟಿದೆ ಎಂದಲ್ಲ. ಓಡುವಾಗಿನ ಮಿಡಿತಕ್ಕೆ ಹೊಂದಿಸಿಕೊಂಡರೆ ಸರಿ.

ಸ್ಕೇಲಿನ ಆಯ್ಕೆಯೂ ಹೊಂದಾಣಿಕೆಯ ಭಾಗ. ಆರ್‌ಎಕ್ಸ್ 100 ಗರಿಷ್ಠ ಶಕ್ತಿ ಕೊಡುವುದು 7,500 ಆರ್‌ಪಿಎಂನಲ್ಲಿ, ಸ್ಪ್ಲೆಂಡರ್ 8,000ದಲ್ಲಿ, ಹಳೆಯ ಬುಲೆಟ್ 350 ಕೊಡುವುದು 5,625ರಲ್ಲಿ. ಬುಲೆಟ್ಟಿಗೆ 13,000ದವರೆಗಿನ ಮುಖದ ಮೀಟರ್ ಹಾಕಿದರೆ ಅರ್ಧಕ್ಕೂ ಹೆಚ್ಚು ಜಾಗ ಎಂದೂ ಬಳಕೆಗೆ ಬಾರದು, ಬೇಕಾದ ಭಾಗ ಇಕ್ಕಟ್ಟಾಗುತ್ತದೆ.

ಜೋಡಣೆ

ಮೀಟರಿಗೆ ಸಾಮಾನ್ಯವಾಗಿ ನಾಲ್ಕು ವೈರುಗಳು: ಕೀ ಹಾಕಿದಾಗ ಮಾತ್ರ ಬರುವ ಪ್ಲಸ್, ಅರ್ಥ್, ಸಿಗ್ನಲ್ ಮತ್ತು ಒಳಗಿನ ದೀಪದ್ದು. ಹೋಂಡಾ ಸಂಪ್ರದಾಯದ ಗಾಡಿಗಳಲ್ಲಿ ಕಪ್ಪು ವೈರು ಕೀ ನಂತರದ ಪ್ಲಸ್, ಹಸಿರು ಅರ್ಥ್, ಕಪ್ಪು–ಹಳದಿ ಸಿಡಿಐಯಿಂದ ಕಾಯಿಲ್‌ಗೆ ಹೋಗುವುದು, ಕಪ್ಪು–ಬಿಳಿ ಕಿಲ್ ಸ್ವಿಚ್ಚಿನದು. ಯಮಾಹಾ ಸಂಪ್ರದಾಯದಲ್ಲಿ ಕಂದು ಪ್ಲಸ್, ಕಪ್ಪು ಅರ್ಥ್, ಕಿತ್ತಳೆ ಕಾಯಿಲ್‌ನದು. ಒಂದು ಕಂಪನಿಯ ಅರ್ಥ್ ಬಣ್ಣ ಇನ್ನೊಂದರಲ್ಲಿ ಪ್ಲಸ್ ಆಗಿರುವುದರಿಂದ ಬಣ್ಣವನ್ನಷ್ಟೇ ನಂಬಬಾರದು. ಹಳೆಯ ಗಾಡಿಗಳಲ್ಲಿ ವೈರಿಂಗ್ ಬದಲಾಗಿರುವುದೂ ಸಾಮಾನ್ಯ. ಮಲ್ಟಿಮೀಟರ್ ಹಿಡಿದು ಖಚಿತಪಡಿಸಿಕೊಂಡೇ ಮುಂದುವರಿಯಬೇಕು.

ಹಳೆಯ ಚಿಕ್ಕ ಬೈಕುಗಳ ಹೆಡ್‌ಲೈಟ್ ನೇರ ಮ್ಯಾಗ್ನೆಟ್‌ನ ಎಸಿಯಿಂದ ಉರಿಯುತ್ತದೆ. ಆ ಲೈನಿನಿಂದ ಮೀಟರಿಗೆ ಪ್ಲಸ್ ಕೊಟ್ಟರೆ ಮುಳ್ಳು ನಡುಗುತ್ತದೆ, ಮೀಟರ್ ಸುಟ್ಟುಹೋಗಲೂಬಹುದು. ಬ್ಯಾಟರಿಯ ಡಿಸಿ ಲೈನಿನಿಂದಲೇ, 1 ಅಥವಾ 2 ಆಂಪ್ ಫ್ಯೂಸ್ ಮೂಲಕ ತೆಗೆದುಕೊಳ್ಳಬೇಕು.

ಸಿಗ್ನಲ್ ವೈರು ಇಗ್ನಿಷನ್ನಿಗೆ ಭಾರವಾಗಬಾರದು. ಎಸಿ ಸಿಡಿಐ ಗಾಡಿಯಲ್ಲಿ ಕಿಲ್ ವೈರು ಅರ್ಥ್ ಆದರೆ ಎಂಜಿನ್ ನಿಲ್ಲುತ್ತದೆ. ತಪ್ಪು ಮೀಟರನ್ನು ಅದಕ್ಕೆ ಜೋಡಿಸಿದರೆ ಎಂಜಿನ್ ಆರುವುದು, ಎಳೆತ ಇಲ್ಲದಂತಾಗುವುದು ಇದರಿಂದಲೇ. ಪಿಕಪ್ ಕಾಯಿಲ್‌ನ ಸಿಗ್ನಲ್ ಇನ್ನೂ ಕ್ಷೀಣ. ಅದರ ಮೇಲೆ ಭಾರ ಬಿದ್ದರೆ ಕಿಡಿಯ ಸಮಯವೇ ಏರುಪೇರಾಗುತ್ತದೆ. ತಯಾರಕರು ಹೇಳಿದ್ದರೆ ಸಿಗ್ನಲ್ ವೈರಿನಲ್ಲಿ ಅವರು ಸೂಚಿಸಿದ ರೆಸಿಸ್ಟರ್ ಹಾಕಬೇಕು.

ಯಾವ ವೈರನ್ನೂ ಮುಟ್ಟದೆ ಸಿಗ್ನಲ್ ಪಡೆಯುವ ದಾರಿಯೂ ಇದೆ. ಇದಕ್ಕೆಂದು ಮಾಡಿದ ಮೀಟರಿನ ಇನ್ಸುಲೇಟೆಡ್ ತಂತಿಯನ್ನು ಪ್ಲಗ್ ವೈರಿನ ಸುತ್ತ ನಾಲ್ಕಾರು ಸುತ್ತು ಸುತ್ತಿದರೆ ಕಿಡಿಯ ಪ್ರತಿ ಮಿಡಿತವೂ ಅದಕ್ಕೆ ತಾಕುತ್ತದೆ. ಪಾಯಿಂಟ್, ಸಿಡಿಐ, ಟ್ರಾನ್ಸಿಸ್ಟರ್ ಎಲ್ಲಕ್ಕೂ ಇದು ಒಗ್ಗುತ್ತದೆ. ಸಿಡಿಐ ವೈರಿಂಗ್ ಬಗ್ಗೆ ಅನುಮಾನ ಇರುವವರಿಗೆ ಇದೇ ಕ್ಷೇಮ. ಸುತ್ತು ಹೆಚ್ಚಾದರೆ ವಿದ್ಯುತ್ ಗದ್ದಲವನ್ನೂ ಎಣಿಸಿ ಅಂಕಿ ಜಿಗಿಯುತ್ತದೆ, ಕಡಿಮೆಯಾದರೆ ಮಿಡಿತ ತಪ್ಪಿಹೋಗುತ್ತದೆ. ಒಂದೊಂದೇ ಸುತ್ತು ಹೆಚ್ಚು ಕಡಿಮೆ ಮಾಡಿ ಅಂಕಿ ಸ್ಥಿರವಾಗುವ ಜಾಗ ಹುಡುಕಬೇಕು. ರೆಸಿಸ್ಟರ್ ಇರುವ ಪ್ಲಗ್ ಮತ್ತು ಕ್ಯಾಪ್ ಈ ಗದ್ದಲವನ್ನು ತಗ್ಗಿಸುತ್ತವೆ.

ಪರೀಕ್ಷೆ

ಜೋಡಿಸಿದ ಮೀಟರನ್ನು ಪರೀಕ್ಷಿಸದೆ ನಂಬಬಾರದು. ಮೊದಲ ಪರೀಕ್ಷೆ ಐಡಲ್. ಬಿಸಿಯಾದ ಚಿಕ್ಕ ಬೈಕುಗಳ ಐಡಲ್ ಹೆಚ್ಚಾಗಿ 1,200ರಿಂದ 1,500ರ ಆಸುಪಾಸು. ಮೀಟರ್ 700 ಅಥವಾ 2,800 ತೋರಿಸಿದರೆ ಮಿಡಿತದ ಲೆಕ್ಕ ಎರಡರ ಗುಣಕದಲ್ಲಿ ತಪ್ಪಿದೆ.

ಎರಡನೆಯದು ರಸ್ತೆ ಪರೀಕ್ಷೆ. ಟೈರಿನ ಸುತ್ತಳತೆ 1.8 ಮೀ., ಆ ಗಿಯರಿನಲ್ಲಿ ಕ್ರ್ಯಾಂಕಿನಿಂದ ಚಕ್ರದವರೆಗಿನ ಒಟ್ಟು ಅನುಪಾತ 10 ಎಂದುಕೊಳ್ಳೋಣ. ಗಂಟೆಗೆ 50 ಕಿ.ಮೀ. ಎಂದರೆ ನಿಮಿಷಕ್ಕೆ ಸುಮಾರು 833 ಮೀ.; ಚಕ್ರ 463 ಸುತ್ತು, ಕ್ರ್ಯಾಂಕ್ ಸುಮಾರು 4,630. ಸ್ಪೀಡೋಮೀಟರ್ ಸ್ವಲ್ಪ ಹೆಚ್ಚು ತೋರಿಸುವುದುಂಟು, ಆದ್ದರಿಂದ ಮೊಬೈಲಿನ ಜಿಪಿಎಸ್ ವೇಗ ಮೇಲು. ಅದನ್ನು ಹಿಂದೆ ಕೂತವರು ನೋಡಿ ಹೇಳಬೇಕು.

ಮೂರನೆಯದು ಲೇತ್ ಶಾಪ್‌ನವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯಿಂದ ಬಂದದ್ದು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ತಿರುಗುವ ಚಕ್ ಅದರ ಬೆಳಕಿನಲ್ಲಿ ನಿಂತಂತೆ ಕಾಣಿಸುವ ಅಪಾಯದಿಂದಾಗಿಯೇ ವರ್ಕ್‌ಶಾಪ್‌ಗಳಲ್ಲಿ ಟ್ಯೂಬ್‌ಗಳನ್ನು ಬೇರೆ ಬೇರೆ ಫೇಸ್‌ಗೆ ಹಂಚುತ್ತಾರೆ. ಇದೇ ಗುಣ ಮೀಟರಿನ ಪರೀಕ್ಷೆಗೆ ಒದಗುತ್ತದೆ. ಮ್ಯಾಗ್ನೆಟ್ ಒಣ ಜಾಗದಲ್ಲಿರುವ ಗಾಡಿಯ ಕವರ್ ತೆಗೆದು, ಅದರ ಮೇಲೆ ಒಂದು ಬಿಳಿ ಗೆರೆ ಎಳೆದು, ಕತ್ತಲೆ ಮಾಡಿ ಅಂಥ ಒಂದೇ ಟ್ಯೂಬಿನ ಬೆಳಕಿನಲ್ಲಿ ನೋಡಬೇಕು. 1,500 ಆರ್‌ಪಿಎಂನಲ್ಲಿ ಗೆರೆ ನಾಲ್ಕಾಗಿ, 3,000ದಲ್ಲಿ ಎರಡಾಗಿ ನಿಂತಂತೆ ಕಾಣುತ್ತದೆ. ಆ ಕ್ಷಣದ ಮೀಟರ್ ಅಂಕಿಯನ್ನು ಹೋಲಿಸಿದರೆ ತಪ್ಪು ಕೂಡಲೇ ಸಿಕ್ಕುತ್ತದೆ. ಎಲ್‌ಇಡಿ ಟ್ಯೂಬಿನಲ್ಲಿ ಇದು ನಡೆಯದೆ ಹೋಗಬಹುದು. ಬಾಗಿಲು ತೆರೆದ ಜಾಗದಲ್ಲೇ ಎಂಜಿನ್ ಓಡಿಸಬೇಕು, ಸಡಿಲ ಬಟ್ಟೆಯನ್ನೂ ಕೈಯನ್ನೂ ಮ್ಯಾಗ್ನೆಟ್‌ನಿಂದ ದೂರ ಇಡಬೇಕು.

ಸಾಮಾನ್ಯ ದೋಷಗಳು

ನಿಖರವಾಗಿ ಅರ್ಧ ಅಥವಾ ಎರಡು ಪಟ್ಟು ತೋರಿಸಿದರೆ ದೋಷ ಸೆಟ್ಟಿಂಗಿನದು. ಕೆಳಗಿನ ವೇಗದಲ್ಲಿ ಸರಿಯಿದ್ದು ಮೇಲೆ ಹೋದಂತೆ ಕುಣಿದರೆ ಸಿಗ್ನಲ್ ವೈರು ಪ್ಲಗ್ ವೈರಿನ ಪಕ್ಕದಲ್ಲಿ ಹಾದಿದೆಯೇ, ಪಾಯಿಂಟ್ ಅಥವಾ ಕಂಡೆನ್ಸರ್ ಸವೆದಿದೆಯೇ ನೋಡಬೇಕು. ಹೆಡ್‌ಲೈಟ್ ಹಾಕಿದಾಗ ಅಂಕಿ ಬದಲಾದರೆ ಅರ್ಥ್ ಸಡಿಲ. ಎಲ್ಲ ಸರಿಯಿದ್ದೂ ಸೊನ್ನೆಯೇ ಇದ್ದರೆ ಮಿಡಿತದ ಸ್ವರೂಪ ಮೀಟರಿಗೆ ಹೊಂದಿಲ್ಲ. ಅಲ್ಲಿ ಮೀಟರನ್ನೇ ಬದಲಿಸಬೇಕು. ಬುಲೆಟ್ಟಿನಂಥ ನಡುಕದ ಗಾಡಿಯಲ್ಲಿ ರಬ್ಬರ್ ಬುಷ್ ಇಲ್ಲದೆ ಕೂರಿಸಿದ ಮೀಟರಿನ ಮುಳ್ಳಿಗೆ, ಬೆಸುಗೆಗೆ ಬಾಳಿಕೆ ಕಡಿಮೆ.

ಕಾನೂನು

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಪೀಡೋಮೀಟರ್ ಇರಬೇಕೆನ್ನುತ್ತವೆ. ಆರ್‌ಪಿಎಂ ಮೀಟರ್ ಅದರ ಬದಲಿ ಅಲ್ಲ. ಹೊಸ ಮೀಟರಿಗಾಗಿ ಸ್ಪೀಡೋಮೀಟರ್ ಕಿತ್ತು ಹಾಕುವುದು ಅಥವಾ ಕಾಣದಂತೆ ಮರೆಮಾಡುವುದು ತಪ್ಪು. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ನೋಂದಣಿ ಪತ್ರದ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ತಡೆಯುತ್ತದೆ. ವಾರಂಟಿ ಇರುವ ಹೊಸ ಗಾಡಿಯ ವೈರಿಂಗ್ ಕತ್ತರಿಸುವ ಮೊದಲು ಅದರ ಷರತ್ತುಗಳನ್ನೂ ಓದಬೇಕು.

ಉಪಯೋಗ

ಸರಿಯಾಗಿ ಹೊಂದಿದ ಮೀಟರ್ ಕಾರ್ಬ್ಯುರೇಟರಿನ ಐಡಲ್ ಹೊಂದಿಸಲು, ಬೋರಿಂಗ್ ಮಾಡಿಸಿದ ಎಂಜಿನ್ನನ್ನು ಮೊದಲ ಕಿಲೋಮೀಟರುಗಳಲ್ಲಿ ಮಿತಿಯಲ್ಲಿ ಓಡಿಸಲು, ಕ್ಲಚ್ ಜಾರುವುದನ್ನು ಕಂಡುಹಿಡಿಯಲು ನೆರವಾಗುತ್ತದೆ. ಆರ್‌ಪಿಎಂ ಏರಿಯೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ನೋಡುವ ಕಾಲ ಬಂದಿದೆ. ತಪ್ಪಾಗಿ ಹೊಂದಿದ ಮೀಟರ್ ಇದೇ ಕೆಲಸಗಳಲ್ಲಿ ಹಾನಿ ಮಾಡುತ್ತದೆ: ಅರ್ಧ ತೋರಿಸುವ ಮೀಟರನ್ನು ನಂಬಿ ಹೊಸ ಬೋರಿನ ಎಂಜಿನ್ನನ್ನು 4,000ಕ್ಕೆ ಮಿತಗೊಳಿಸಿದೆನೆಂದು ತಿಳಿದವರು ನಿಜದಲ್ಲಿ ಅದನ್ನು 8,000ಕ್ಕೆ ಎಳೆದಿರುತ್ತಾರೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಮೀಟರ್ ಕೂರಿಸಿದ ಮೆಕ್ಯಾನಿಕ್ ಇಗ್ನಿಷನ್ ಬಗೆ, ಸಿಗ್ನಲ್ ತೆಗೆದ ಜಾಗ, ಸುತ್ತಿಗೆ ಎಷ್ಟು ಮಿಡಿತ, ಯಾವ ಪರೀಕ್ಷೆಯಲ್ಲಿ ಎಷ್ಟು ವ್ಯತ್ಯಾಸ ಎಂಬ ನಾಲ್ಕು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಬೇಕು. ನಾಳೆ ಆ ಗಾಡಿಗೆ ಸಿಡಿಐ ಬದಲಿಸುವ ಬೇರೊಬ್ಬ ಮೆಕ್ಯಾನಿಕ್ ಲೆಕ್ಕವನ್ನು ಮೊದಲಿನಿಂದ ಹುಡುಕುವ ಅಗತ್ಯ ಆಗ ಬೀಳದು.